ಬೆನ್ನ ರೆಕ್ಕೆಯಲ್ಲಿ ಕಪ್ಪಿಲ್ಲದ ಮೀನು

ಸಿಯಾಟಲ್ ಕಡೆಯಿಂದ ಹೊರಟರೆ ಸುಮಾರು ಒಂದು ಗಂಟೆಯ ದಾರಿಗೆ ಸ್ಕೈಕೊಮಿಶ್ ನದಿ. ರೇನ್‌ಬೋ ಟ್ರೌಟ್ ಸಿಕ್ಕೀತೆಂದು ಗಾಳ ಹಾಕಿ ಕೂತಿದ್ದೀರಿ. ದಾರ ಬಿಗಿಯಿತು, ಮೀನು ಒಂದಷ್ಟು ಹೊತ್ತು ಆಳಕ್ಕೆ ಜಗ್ಗಿ ಕೊನೆಗೆ ದಡದ ಹತ್ತಿರ ಬಂತು. ನೋಡಿದರೆ ಬೆನ್ನು ಪಾಚಿಹಸಿರು. ಮೈತುಂಬ ಕಡಲೆಬೇಳೆಯಷ್ಟು ಗಾತ್ರದ ನಸುಹಳದಿ ಚುಕ್ಕೆಗಳು, ನಡುವೆ ಅಲ್ಲೊಂದು ಇಲ್ಲೊಂದು ಕಿತ್ತಳೆ. ಹೊಟ್ಟೆ ಕಡೆಯ ರೆಕ್ಕೆಗಳ ಮುಂದಂಚಿಗೆ ಸುಣ್ಣ ಬಳಿದಂಥ ಬಿಳಿ ಗೆರೆ.

ಇದು ರೇನ್‌ಬೋ ಅಲ್ಲ. ಲಕ್ಷಣ ನೋಡಿದರೆ ಬುಲ್ ಟ್ರೌಟ್. ಅಲಾಸ್ಕಾ ಬಿಟ್ಟು ಅಮೆರಿಕದಲ್ಲಿ ಅದು ಎಲ್ಲೆಲ್ಲಿದೆಯೋ ಅಲ್ಲೆಲ್ಲ 1999ರಿಂದ ಅಳಿವಿನ ಭೀತಿಯಲ್ಲಿರುವ ಜೀವಿಗಳಿಗೆಂದು ಅಲ್ಲಿಯ ಕೇಂದ್ರ ಸರ್ಕಾರ ಮಾಡಿದ ಕಾನೂನಿನ ರಕ್ಷಣೆಯಲ್ಲಿದೆ. ಅಕಸ್ಮಾತ್ತಾಗಿ ಗಾಳಕ್ಕೆ ಬಿದ್ದದ್ದು ತಪ್ಪಲ್ಲ, ಹೆಸರು ಹಿಡಿದು ಅನುಮತಿ ಕೊಡದ ಕಡೆ ಇಟ್ಟುಕೊಂಡರೆ ತಪ್ಪು. ವಾಷಿಂಗ್ಟನ್ ರಾಜ್ಯದ ಸಿಹಿನೀರಿನಲ್ಲಿ ಇನ್ನೂ ಒಂದು ಮಾತಿದೆ: ಇಟ್ಟುಕೊಳ್ಳುವಂತಿಲ್ಲದ ಬುಲ್ ಟ್ರೌಟ್, ಸಾಲ್ಮನ್, ಸ್ಟೀಲ್‌ಹೆಡ್‌ಗಳನ್ನು (ಸ್ಟೀಲ್‌ಹೆಡ್ ಎಂದರೆ ಸಮುದ್ರಕ್ಕೆ ಹೋಗಿ ಬಂದ ರೇನ್‌ಬೋ) ನೀರಿನಿಂದ ಪೂರ್ತಿಯಾಗಿ ಮೇಲೆತ್ತುವುದೂ ಕಾನೂನುಬಾಹಿರ. ಎದೆಗೆ ಹಿಡಿದುಕೊಂಡು ತೆಗೆಸಿದ ಆ ಒಂದು ಫೋಟೊ ನಿಯಮಭಂಗದ ಸಾಕ್ಷಿಯಾಗುತ್ತದೆ.

ಆದ್ದರಿಂದ ಗುರುತು ಹಿಡಿಯುವ ಕೆಲಸ ಮೀನು ನೀರಿನಲ್ಲಿರುವಾಗಲೇ, ಹತ್ತು ಹದಿನೈದು ಸೆಕೆಂಡಿನಲ್ಲಿ ಮುಗಿಯಬೇಕು. ಎಲ್ಲಿ ನೋಡಬೇಕೆಂದು ಗೊತ್ತಿದ್ದರೆ ಅಷ್ಟು ಹೊತ್ತು ಧಾರಾಳ ಸಾಕು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಟ್ರೌಟ್ ಅಂದರೆ ಒಂದು ಮೀನಲ್ಲ, ನಾವು ಸೊಪ್ಪು ಅಂದ ಹಾಗೆ. ಆ ಹೆಸರಿನ ಕೆಳಗೆ ಮೂರು ಬೇರೆ ಬೇರೆ ಕುಲಗಳು ಸೇರಿಕೊಂಡಿವೆ. ರೇನ್‌ಬೋ ಮತ್ತು ಕಟ್‌ಥ್ರೋಟ್ ಪೆಸಿಫಿಕ್ ಸಾಲ್ಮನ್‌ಗಳ ದಾಯಾದಿಗಳು, ಆಂಕೊರಿಂಕಸ್ ಕುಲದವು. ಯುರೋಪಿನಿಂದ ಬಂದ ಬ್ರೌನ್ ಟ್ರೌಟ್ ಅಟ್ಲಾಂಟಿಕ್ ಸಾಲ್ಮನ್ ಜೊತೆಗೆ ಸಾಲ್ಮೊ ಕುಲಕ್ಕೆ ಸೇರಿದ್ದು. ಬುಲ್ ಟ್ರೌಟ್, ಬ್ರೂಕ್ ಟ್ರೌಟ್, ಲೇಕ್ ಟ್ರೌಟ್, ಡಾಲಿ ವಾರ್ಡನ್ ಇವೆಲ್ಲ ಸಾಲ್ವಲೈನಸ್ ಕುಲದವು. ಹೆಸರು ಟ್ರೌಟ್ ಎಂದಿದ್ದರೂ ಜಾತಿಯಲ್ಲಿ ಚಾರ್.

ಚಾರ್ ಹೌದೋ ಅಲ್ಲವೋ ಎಂದು ತಿಳಿಯುವುದು ಸುಲಭ. ತಿಳಿ ಮೈಮೇಲೆ ಕಡು ಚುಕ್ಕೆಗಳಿದ್ದರೆ ರೇನ್‌ಬೋ, ಕಟ್‌ಥ್ರೋಟ್, ಬ್ರೌನ್ ಇವುಗಳಲ್ಲೊಂದು. ಕಡು ಮೈಮೇಲೆ ತಿಳಿ ಚುಕ್ಕೆಗಳಿದ್ದರೆ ಚಾರ್. ಬಿಳಿ ಸೀರೆಗೆ ಕಪ್ಪು ಬುಟ್ಟಾ ಒಂದು ಬಗೆ, ಕಡು ಸೀರೆಗೆ ಹಳದಿ ಬುಟ್ಟಾ ಇನ್ನೊಂದು ಬಗೆ. ಮೈಬಣ್ಣ ನೀರಿನಿಂದ ನೀರಿಗೆ ಬದಲಾಗುತ್ತದೆ, ಆದರೆ ಈ ಒಂದು ಲಕ್ಷಣ ಬಹುತೇಕ ಅದಲುಬದಲಾಗುವುದಿಲ್ಲ. ಕಪ್ಪು ಚುಕ್ಕೆ ಒಂದೂ ಕಾಣದೆ ಬರೀ ತಿಳಿ ಚುಕ್ಕೆಗಳೇ ಕಂಡವೆಂದರೆ ಅಲ್ಲಿಂದ ಮುಂದೆ ಮೀನನ್ನು ರಕ್ಷಿತ ಎಂದೇ ಎಣಿಸಿ ಕೈಹಾಕಿ.

ಬುಲ್ ಮತ್ತು ಬ್ರೂಕ್ ಬೇರೆ ಮಾಡುವಲ್ಲಿ ಹೆಚ್ಚು ಜನ ಎಡವುತ್ತಾರೆ. ಎಡವಿದರೆ ಬೆಲೆ ದೊಡ್ಡದು: ಬ್ರೂಕ್ ಟ್ರೌಟ್ ಅಮೆರಿಕದ ಪೂರ್ವ ಭಾಗದಿಂದ ತಂದು ಬಿಟ್ಟ ಮೀನು, ಪಶ್ಚಿಮದ ಎಷ್ಟೋ ತೊರೆಗಳಲ್ಲಿ ಅದನ್ನು ಹಿಡಿದು ತಿನ್ನಿ ಎಂದು ಮೀನು ಮತ್ತು ವನ್ಯಜೀವಿ ಇಲಾಖೆಯೇ ಹೇಳುತ್ತದೆ. ಬುಲ್ ಟ್ರೌಟ್ ಅಲ್ಲಿಯದೇ ಮೂಲನಿವಾಸಿ, ಮುಟ್ಟುವ ಹಾಗಿಲ್ಲ. ಒಂದೇ ತೊರೆಯಲ್ಲಿ ಎರಡೂ ಇರುತ್ತವೆ. ಇಂಥ ಕಡೆ ಮೊದಲು ನೋಡಬೇಕಾದ್ದು ಬೆನ್ನ ರೆಕ್ಕೆ, ಬೆನ್ನಿನ ನಡುವೆ ನೆಟ್ಟಗೆ ನಿಲ್ಲುವ ದೊಡ್ಡ ರೆಕ್ಕೆ. ಬ್ರೂಕ್‌ನ ಆ ರೆಕ್ಕೆಯ ಮೇಲೆ ಹುಳ ಹರಿದ ಜಾಡಿನಂಥ ಕಪ್ಪು ವಕ್ರರೇಖೆಗಳಿರುತ್ತವೆ. ಅವೇ ಗೆರೆಗಳು ಬೆನ್ನಿನ ಮೇಲೂ ಇಳಿದಿರುತ್ತವೆ. ಬುಲ್‌ನ ಬೆನ್ನ ರೆಕ್ಕೆ ಪೂರಾ ಖಾಲಿ. ಹಸಿರು ಛಾಯೆಯ ತೆಳು ಪೊರೆ, ಹೆಚ್ಚೆಂದರೆ ಮಸುಕು ಹಳದಿ ಮಚ್ಚೆ, ಕಪ್ಪು ಮಾತ್ರ ಇಲ್ಲ. ಮಾಂಟಾನಾ, ಐಡಹೊ ಕಡೆ ನದಿ ದಂಡೆಯ ಫಲಕಗಳಲ್ಲಿ ಬರೆದಿರುವುದೂ ಇದನ್ನೇ: ಕಪ್ಪಿಲ್ಲವೇ, ವಾಪಸ್ ಬಿಡಿ.

ನೋಡುವ ರೀತಿಯೂ ಮುಖ್ಯ. ದಣಿದ ಮೀನು ಬೆನ್ನ ರೆಕ್ಕೆಯನ್ನು ಮಡಚಿ ಮೈಗೆ ಅಂಟಿಸಿಕೊಂಡಿರುತ್ತದೆ. ಮಡಚಿದ ರೆಕ್ಕೆಯ ಕಡ್ಡಿಗಳು ಒತ್ತೊತ್ತಾಗಿ ಸೇರಿ ಕಪ್ಪಾಗಿಯೇ ಕಾಣುತ್ತವೆ, ಬುಲ್ ಅನ್ನು ಬ್ರೂಕ್ ಎಂದುಕೊಳ್ಳುವ ಮೋಸ ಅಲ್ಲೇ ಆಗುವುದು. ಒದ್ದೆ ಬೆರಳಿನಿಂದ ರೆಕ್ಕೆಯ ಮುಂದಿನ ಕಡ್ಡಿಯನ್ನು ಮೆಲ್ಲಗೆ ಎತ್ತಿ, ಬೀಸಣಿಗೆ ಬಿಚ್ಚಿದ ಹಾಗೆ ಬಿಚ್ಚಬೇಕು. ನೀರಿನೊಳಗೇ, ಬೆಳಕಿಗೆ ಅಡ್ಡವಾಗಿ. ಆಗ ಪೊರೆಯಲ್ಲಿ ಗೆರೆ ಇದೆಯೋ ಇಲ್ಲವೋ ಎಂಬುದು ನಿಚ್ಚಳ.

ಎರಡನೇ ಸಾಕ್ಷಿ ಹೊಟ್ಟೆಯ ಕಡೆಯ ರೆಕ್ಕೆಗಳು. ಬಿಳಿ ಅಂಚು ಎರಡಕ್ಕೂ ಇದೆ. ಬ್ರೂಕ್‌ನಲ್ಲಿ ಆ ಬಿಳಿಯ ಹಿಂದೆ ತಾಗಿಕೊಂಡೇ ಕಾಡಿಗೆಯಂಥ ಕಪ್ಪು ಗೆರೆ ಬರುತ್ತದೆ. ಬುಲ್‌ನಲ್ಲಿ ಬಿಳಿ ಅಲ್ಲೇ ಮುಗಿದು ರೆಕ್ಕೆಯ ಮಾಮೂಲು ಬಣ್ಣ ಶುರುವಾಗುತ್ತದೆ. ಬ್ರೂಕ್‌ನ ಪಕ್ಕೆಯ ಕೆಂಪು ಚುಕ್ಕೆಗಳ ಸುತ್ತ ನೀಲಿ ಉಂಗುರವೂ ಇರುತ್ತದೆ, ಬಾಲದ ಅಂಚು ಕತ್ತರಿಸಿದಂತೆ ಚೌಕ. ಬಾಲ ಆಳವಾಗಿ ಕವಲೊಡೆದು ಮೈತುಂಬ, ಬೆನ್ನ ರೆಕ್ಕೆ ಬಾಲಗಳ ಮೇಲೂ, ತಿಳಿ ಚುಕ್ಕೆಗಳಿದ್ದರೆ ಅದು ಲೇಕ್ ಟ್ರೌಟ್.

ಕಷ್ಟದ ವಿಷಯ ಬೆರಕೆಯದು. ಬುಲ್ ಮತ್ತು ಬ್ರೂಕ್ ಕೂಡಿ ಮರಿ ಮಾಡುತ್ತವೆ. ಆ ಮರಿಗಳ ವಂಶ ಮುಂದುವರಿಯುವುದು ತೀರಾ ಕಡಿಮೆ, ಹಾಗಾಗಿ ಬುಲ್‌ನ ಮೊಟ್ಟೆಗಳು ವ್ಯರ್ಥವಾದ ಹಾಗೆಯೇ. ಬುಲ್ ಟ್ರೌಟ್ ಕಡಿಮೆಯಾಗಲು ಅದೂ ಒಂದು ಕಾರಣ. ಬೆರಕೆ ಮೀನಿನ ಬೆನ್ನ ರೆಕ್ಕೆಯಲ್ಲಿ ಗೆರೆ ಇದ್ದೂ ಇಲ್ಲದ ಹಾಗೆ ಮಾಸಲಾಗಿರುತ್ತದೆ. ಅಂಥದನ್ನು ದಡದಲ್ಲಿ ನಿಂತು ತೀರ್ಮಾನಿಸಲು ಹೋಗಬೇಡಿ, ಬಿಟ್ಟುಬಿಡಿ. ಡಾಲಿ ವಾರ್ಡನ್ ವಿಚಾರವೂ ಅಷ್ಟೇ. 1978ರವರೆಗೆ ವಿಜ್ಞಾನಿಗಳೇ ಬುಲ್ ಮತ್ತು ಡಾಲಿ ವಾರ್ಡನ್ ಎರಡನ್ನೂ ಒಂದೇ ಜಾತಿ ಎಂದುಕೊಂಡಿದ್ದರು. ಕಣ್ಣಳತೆಯಲ್ಲಿ ಬೇರೆ ಮಾಡಲಾಗದು ಎಂಬ ಕಾರಣಕ್ಕೇ ವಾಷಿಂಗ್ಟನ್ ನಿಯಮಗಳು ಎರಡನ್ನೂ ಒಂದೇ ಸಾಲಿನಲ್ಲಿ ಬರೆಯುತ್ತವೆ. ಹೆಸರು ಹಿಡಿದು ಅನುಮತಿ ಕೊಟ್ಟ ಬೆರಳೆಣಿಕೆಯ ಜಾಗಗಳನ್ನು ಬಿಟ್ಟರೆ ಎರಡನ್ನೂ ಇಟ್ಟುಕೊಳ್ಳುವಂತಿಲ್ಲ.

ಗುರುತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಲಾಸ್ಕಾದ ಹಳೆಯ ಉದಾಹರಣೆ ಸಾಕು. 1920, 30ರ ದಶಕಗಳಲ್ಲಿ, ಸಾಲ್ಮನ್ ಮೊಟ್ಟೆ ಮರಿಗಳನ್ನು ತಿನ್ನುತ್ತದೆಂದು ಡಾಲಿ ವಾರ್ಡನ್ ಕೊಂದವರಿಗೆ ಬಾಲಕ್ಕೆ ಇಷ್ಟೆಂದು ಬಹುಮಾನ ಕೊಡುತ್ತಿದ್ದರು. ಸಲ್ಲಿಕೆಯಾದ ಬಾಲಗಳ ರಾಶಿಯನ್ನು ಬಲ್ಲವರು ಪರೀಕ್ಷಿಸಿ ನೋಡಿದರೆ ಬಹುಪಾಲು ಕೋಹೊ ಸಾಲ್ಮನ್‌ದು, ಆಮೇಲೆ ರೇನ್‌ಬೋದ್ದು. ಯಾವ ಮೀನನ್ನು ಉಳಿಸಲು ಯೋಜನೆ ಹಾಕಿದ್ದರೋ ಅದೇ ಮೀನು ರಾಶಿಗಟ್ಟಲೆ ಸತ್ತಿತ್ತು.

ಈಗ ಕಡು ಚುಕ್ಕೆಯ ಗುಂಪು. ದವಡೆಯ ಅಡಿಯಲ್ಲಿ, ಗಂಟಲಿನ ಎರಡು ಬದಿಗೆ ಕುಂಕುಮ ಎಳೆದಂಥ ಕೆಂಪು ಅಥವಾ ಕಿತ್ತಳೆ ಗೀರು ಇದ್ದರೆ ಕಟ್‌ಥ್ರೋಟ್. ಸಮುದ್ರದಿಂದ ಆಗಷ್ಟೇ ನದಿಗೆ ಬಂದ ಮೀನಿನಲ್ಲಿ ಆ ಗೀರು ಬಹಳ ಮಾಸಿರುತ್ತದೆ. ಆಗ ಮೇಲ್ದವಡೆಯ ಎಲುಬು ಕಣ್ಣಿನ ಹಿಂದಂಚನ್ನು ದಾಟಿ ಹೋಗಿದೆಯೇ ನೋಡಿ. ಕಟ್‌ಥ್ರೋಟ್‌ನ ಬಾಯಿ ದೊಡ್ಡದು. ನಾಲಗೆಯ ಬುಡದಲ್ಲಿ ಮರಳುಕಾಗದದಂತೆ ತಾಗುವ ಸಣ್ಣ ಹಲ್ಲುಗಳೂ ಅದಕ್ಕಿವೆ, ರೇನ್‌ಬೋಗೆ ಇಲ್ಲ. ಆದರೆ ಬಿಡಬೇಕಾದ ಮೀನಿನ ಬಾಯಿಗೆ ಬೆರಳು ಹಾಕಿ ತಡಕಾಡುವುದು ಬೇಡ. ಬ್ರೌನ್ ಟ್ರೌಟ್‌ಗೆ ದೊಡ್ಡ ಕಪ್ಪು ಚುಕ್ಕೆಗಳು, ಜೊತೆಗೆ ಕೆಂಪು ಚುಕ್ಕೆ, ಸುತ್ತ ತಿಳಿ ಉಂಗುರ. ಬಾಲದಲ್ಲಿ ಚುಕ್ಕೆ ಇಲ್ಲ ಎನ್ನುವಷ್ಟು ಕಡಿಮೆ. ರೇನ್‌ಬೋದ ಬಾಲದಲ್ಲಿ ಚುಕ್ಕೆಗಳು ಸಾಲುಸಾಲಾಗಿ ಬೀಸಣಿಗೆಯ ಕಡ್ಡಿಯಂತೆ ಹರಡಿರುತ್ತವೆ.

ಇದೇ ರೇನ್‌ಬೋ ಸಮುದ್ರಕ್ಕೆ ಹೋಗಿ ಬೆಳೆದು ಬಂದರೆ ಅದಕ್ಕೆ ಸ್ಟೀಲ್‌ಹೆಡ್ ಎಂದು ಹೆಸರು. ಜಾತಿ ಒಂದೇ, ಕಾನೂನು ಬೇರೆ. ಸಮುದ್ರದ ಸಂಪರ್ಕವಿರುವ ನದಿಯಲ್ಲಿ 20 ಇಂಚು, ಅಂದರೆ ಸುಮಾರು 51 ಸೆಂಟಿಮೀಟರ್ ಮುಟ್ಟಿದ ರೇನ್‌ಬೋ ವಾಷಿಂಗ್ಟನ್ ಲೆಕ್ಕದಲ್ಲಿ ಸ್ಟೀಲ್‌ಹೆಡ್. ಹತ್ತೊಂಬತ್ತೂವರೆ ಇಂಚಿಗೆ ಅದು ಟ್ರೌಟ್ ಮಿತಿಯೊಳಗೆ ಬರುತ್ತದೆ, ಅರ್ಧ ಇಂಚು ಹೆಚ್ಚಾದರೆ ಬೇರೆ ಮಿತಿ, ಇಟ್ಟುಕೊಂಡ ಮೀನನ್ನು ಬರೆದಿಡುವ ದಾಖಲೆ ಕಾರ್ಡ್ ಕೂಡ ಬೇಕು. ಅಳತೆ ಮುಚ್ಚಿದ ಬಾಯಿಯ ತುದಿಯಿಂದ ಬಾಲದ ಕೊಟ್ಟಕೊನೆಯವರೆಗೆ, ಮೀನು ಪಕ್ಕಕ್ಕೆ ಮಲಗಿದ್ದಾಗ. ಗಾಳದ ಕೋಲಿನ ಮೇಲೆ 8, 14, 20 ಇಂಚುಗಳಿಗೆ ಬಣ್ಣದ ಟೇಪ್ ಸುತ್ತಿಟ್ಟುಕೊಂಡರೆ ಮೀನನ್ನು ಎತ್ತದೆ, ನೀರಿನಲ್ಲೇ ಕೋಲು ಪಕ್ಕಕ್ಕಿಟ್ಟು ಅಳೆಯಬಹುದು.

ಸ್ಟೀಲ್‌ಹೆಡ್ ಎಂದು ಗೊತ್ತಾದ ಕೂಡಲೇ ಕಣ್ಣು ಹೋಗಬೇಕಾದದ್ದು ಬೆನ್ನ ರೆಕ್ಕೆಗೂ ಬಾಲಕ್ಕೂ ನಡುವೆ ಇರುವ ಪುಟ್ಟ ಮಾಂಸಲ ರೆಕ್ಕೆಯ ಮೇಲೆ. ಇದಕ್ಕೆ ಕೊಬ್ಬಿನ ರೆಕ್ಕೆ ಎನ್ನಬಹುದು. ಕಡ್ಡಿಗಳಿಲ್ಲದ, ಕಿರುಬೆರಳ ತುದಿಯಷ್ಟಿರುವ ಒಂದು ತುಣುಕು. ಕಾಟ್ಲಾ, ರೋಹು, ಮಹಶೀರ್ ನೋಡಿ ಬೆಳೆದವರ ಕಣ್ಣಿಗೆ ಅದು ಬೀಳುವುದೇ ಇಲ್ಲ, ಏಕೆಂದರೆ ನಮ್ಮ ಆ ಮೀನುಗಳಿಗೆ ಅದು ಇಲ್ಲ. ಮೊಟ್ಟೆಕೇಂದ್ರದಲ್ಲಿ ಬೆಳೆಸಿದ ಮರಿಗಳಿಗೆ ನದಿಗೆ ಬಿಡುವ ಮುನ್ನ ಆ ರೆಕ್ಕೆಯನ್ನು ಕತ್ತರಿಸುತ್ತಾರೆ. ದೊಡ್ಡದಾಗಿ ಬಂದಾಗ ಆ ಜಾಗದಲ್ಲಿ ಮಾಗಿದ ಗಾಯದ ಗುರುತು ಮಾತ್ರ ಇರುತ್ತದೆ. ಗಾಯದ ಗುರುತಿದ್ದರೆ ಸಾಕಿದ ಮೀನು, ಆ ನದಿಯಲ್ಲಿ ಆ ದಿನ ಅನುಮತಿಯಿದ್ದರೆ ಇಟ್ಟುಕೊಳ್ಳಬಹುದು. ರೆಕ್ಕೆ ಇಡಿಯಾಗಿದ್ದರೆ ಕಾಡಿನ ಮೀನು, ವಾಪಸ್ ನೀರಿಗೆ. ಸಿಯಾಟಲ್ ಬದಿಗೆ ಒಳಚಾಚಿದ ಸಮುದ್ರಭಾಗವಾದ ಪ್ಯೂಜೆಟ್ ಸೌಂಡ್‌ಗೆ ಬರುವ ಸ್ಟೀಲ್‌ಹೆಡ್ 2007ರಿಂದ ಅದೇ ಕೇಂದ್ರ ಕಾನೂನಿನ ಪಟ್ಟಿಯಲ್ಲಿದೆ.

ನಾಲ್ಕೈದು ಇಂಚಿನ ಬೆಳ್ಳಿ ಮೀನುಗಳು ಸಿಕ್ಕಿದರೆ ಅವನ್ನು ಸಣ್ಣ ಟ್ರೌಟ್ ಎಂದುಕೊಳ್ಳಬೇಡಿ. ಪಕ್ಕೆಯಲ್ಲಿ ಹೆಬ್ಬೆರಳಿನ ಒತ್ತಿನಂಥ ಕಪ್ಪು ಮಚ್ಚೆಗಳ ಸಾಲಿದ್ದರೆ ಅವು ಸಾಲ್ಮನ್ ಅಥವಾ ಸ್ಟೀಲ್‌ಹೆಡ್ ಮರಿಗಳಿರಬಹುದು, ಸಮುದ್ರಕ್ಕೆ ಹೊರಡುವ ಸಿದ್ಧತೆಯಲ್ಲಿರುವವು. ಅಂಥ ಎಷ್ಟೋ ನದಿಗಳಲ್ಲಿ ಟ್ರೌಟ್‌ಗೆ 14 ಇಂಚಿನ ಕನಿಷ್ಠ ಗಾತ್ರ ಇಟ್ಟಿರುವುದು ಈ ಮರಿಗಳೂ, ಒಮ್ಮೆಯೂ ಮೊಟ್ಟೆಯಿಡದ ಕಟ್‌ಥ್ರೋಟ್‌ಗಳೂ ಉಳಿಯಲೆಂದು. ಒಂದೇ ಜಾಗದಲ್ಲಿ ಇಂಥ ಮರಿಗಳೇ ಮತ್ತೆ ಮತ್ತೆ ಕಚ್ಚುತ್ತಿದ್ದರೆ ಜಾಗ ಬದಲಿಸುವುದು ಸರಿ.

ಬಣ್ಣವನ್ನು ನಂಬುವವರು ಹೆಚ್ಚು ಮೋಸಹೋಗುತ್ತಾರೆ. ಸಮುದ್ರದಿಂದ ಬಂದ ರೇನ್‌ಬೋಗೆ ಗುಲಾಬಿ ಪಟ್ಟಿಯೇ ಇರುವುದಿಲ್ಲ, ಬರೀ ಬೆಳ್ಳಿ. ಮೊಟ್ಟೆಯಿಡುವ ಕಾಲದ ಗಂಡು ಬುಲ್ ಟ್ರೌಟ್‌ನ ಹೊಟ್ಟೆ ಕಿತ್ತಳೆಗೆಂಪಾಗಿ ಬ್ರೂಕ್‌ನಂತೆಯೇ ಕಾಣುತ್ತದೆ. ಸತ್ತ ಮೇಲಂತೂ ಅರ್ಧ ಗಂಟೆಯಲ್ಲಿ ಎಲ್ಲ ಮಸುಕು. ಬಕೆಟ್ಟಿನಲ್ಲಿ ಹಾಕಿಟ್ಟು ಸಂಜೆ ಮನೆಯಲ್ಲಿ ಚಿತ್ರ ನೋಡಿ ಹೆಸರು ಹುಡುಕುವುದು ಎಲ್ಲ ಅರ್ಥದಲ್ಲೂ ತಡವಾದ ಕೆಲಸ.

ಬಿಡುವ ಕ್ರಮ ತಪ್ಪಿದರೆ ಗುರುತು ಹಿಡಿದದ್ದೂ ವ್ಯರ್ಥ. ಸಿದ್ಧತೆ ಮನೆಯಲ್ಲೇ ಶುರುವಾಗಲಿ: ಗಾಳದ ಕೊಕ್ಕೆಯ ಮರುಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ. ಹತ್ತಿ ಬಟ್ಟೆಗೆ ಚುಚ್ಚಿ ಹಿಂದಕ್ಕೆಳೆದಾಗ ನೂಲು ಸಿಕ್ಕಿಕೊಳ್ಳದೆ ಬಂದರೆ ಸರಿಯಾಗಿದೆ. ಮೂರು ಕವಲಿನ ಕೊಕ್ಕೆ ತೆಗೆದು ಒಂಟಿ ಕೊಕ್ಕೆ ಹಾಕಿ. ಆಯ್ದ ಸಲಕರಣೆ ಮಾತ್ರ ಎಂದು ಬರೆದಿರುವ ನೀರಿನಲ್ಲಿ ಮರುಮುಳ್ಳಿಲ್ಲದ ಒಂಟಿ ಮೊನೆಯ ಕೊಕ್ಕೆ, ವಾಸನೆ ಹಚ್ಚದ ಕೃತಕ ಎರೆ, ಗಂಟಿಲ್ಲದ ಬಲೆ ಇವೆಲ್ಲ ಕಡ್ಡಾಯ. ಗಂಟಿನ ನೈಲಾನ್ ಬಲೆ ಮೀನಿನ ಮೈಯ ಲೋಳೆಯನ್ನು ಕೆರೆದು ತೆಗೆಯುತ್ತದೆ. ಆ ಲೋಳೆ ಅದರ ರಕ್ಷಾಕವಚ. ಹೋದ ಜಾಗದಲ್ಲಿ ಬೂಷ್ಟು ಹಿಡಿಯುತ್ತದೆ, ಮೀನು ಈಜಿ ಹೋದ ಎಷ್ಟೋ ದಿನದ ಮೇಲೆ ಸಾಯುತ್ತದೆ. ಒಣಗೈಯಲ್ಲಿ ಹಿಡಿದರೂ ಇದೇ ಗತಿ.

ಮೀನು ಹತ್ತಿರ ಬಂದ ಮೇಲೆ ಬಲೆಯನ್ನು ನೀರಿನಲ್ಲೇ ತೊಟ್ಟಿಲಂತೆ ಹಿಡಿದು, ಕೈ ಒದ್ದೆ ಮಾಡಿಕೊಂಡು, ಒಂದು ಕೈ ಬಾಲದ ಬುಡಕ್ಕೆ, ಇನ್ನೊಂದು ಎದೆಯ ಅಡಿಗೆ. ಕಿವಿರಿಗೆ ಬೆರಳು ಹೋಗಲೇಬಾರದು. ಇಕ್ಕಳದಿಂದ ಕೊಕ್ಕೆಯ ಬಾಗನ್ನು ಹಿಡಿದು, ಹೊಕ್ಕ ದಾರಿಯಲ್ಲೇ ಹಿಂದಕ್ಕೆ ತಳ್ಳಿದರೆ ಬಂದುಬಿಡುತ್ತದೆ. ಗಂಟಲಿನ ಆಳಕ್ಕೆ ನುಂಗಿದ್ದರೆ ಕೀಳಲು ಹೋಗಬೇಡಿ, ದಾರವನ್ನು ಬಾಯಿಯ ಹತ್ತಿರ ಕತ್ತರಿಸಿ. ಕಿತ್ತರೆ ಕಿವಿರು ಹರಿದು ರಕ್ತ ಸೋರುತ್ತದೆ, ಉಳಿಯುವ ಸಾಧ್ಯತೆ ಇನ್ನೂ ಕಡಿಮೆ. ಬಿಡುವಾಗ ತಲೆ ಹರಿವಿಗೆ ಎದುರಾಗಿರಲಿ; ಹಿಂದಕ್ಕೂ ಮುಂದಕ್ಕೂ ಆಡಿಸಬೇಡಿ, ಸುಮ್ಮನೆ ಹಿಡಿದಿರಿ. ಬಾಲ ಬಲವಾಗಿ ಒದ್ದಾಗ ಅದೇ ಹೋಗುತ್ತದೆ.

ನೀರಿನ ಉಷ್ಣಾಂಶವನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬುಲ್ ಟ್ರೌಟ್‌ಗೆ ಸುಮಾರು 15 ಡಿಗ್ರಿ ಸೆಲ್ಸಿಯಸ್ ದಾಟಿದ ನೀರು ಒಗ್ಗುವುದಿಲ್ಲ, ಮೊಟ್ಟೆಯಿಡಲು 9 ಡಿಗ್ರಿಗಿಂತ ತಣ್ಣಗಿರಬೇಕು. ಬಿಸಿ ನೀರಿನಲ್ಲಿ ಕರಗಿದ ಆಮ್ಲಜನಕ ಕಡಿಮೆ, ದಣಿದ ಮೀನಿಗೆ ಉಸಿರು ತಿರುಗುವುದಿಲ್ಲ. ಐದಾರು ಡಾಲರಿನ ತಾಪಮಾಪಕ ಜೇಬಿನಲ್ಲಿರಲಿ. 18 ಡಿಗ್ರಿ ತೋರಿಸಿದರೆ ಅವತ್ತಿಗೆ ಯಾವ ಟ್ರೌಟ್‌ಗೂ ಗಾಳ ಹಾಕುವುದು ನಿಲ್ಲಿಸುವುದೇ ಒಳ್ಳೆಯದು.

ಇನ್ನು ನಿಯಮ ಓದುವ ಬಗೆ. ವಾಷಿಂಗ್ಟನ್ ಮೀನು ಮತ್ತು ವನ್ಯಜೀವಿ ಇಲಾಖೆಯ ಪರವಾನಗಿ ವರ್ಷ ಏಪ್ರಿಲ್ 1ಕ್ಕೆ ಶುರು, ನಿಯಮ ಪುಸ್ತಿಕೆಯ ವರ್ಷ ಜುಲೈ 1ಕ್ಕೆ. ಎರಡನ್ನೂ ಒಂದೇ ಎಂದುಕೊಂಡು ಹಳೆಯ ಪುಸ್ತಿಕೆ ಹಿಡಿದು ಹೋಗುವವರಿದ್ದಾರೆ. ಓದುವಾಗ ಮೊದಲು ರಾಜ್ಯವ್ಯಾಪಿ ನಿಯಮ, ಆಮೇಲೆ ನಿಮ್ಮ ನದಿಯ ಹೆಸರು, ಅದರೊಳಗೆ ಯಾವ ಸೇತುವೆಯಿಂದ ಯಾವ ಸೇತುವೆಯವರೆಗೆ ಎಂಬ ಭಾಗ, ಕೊನೆಗೆ ಅಂದಿನ ತುರ್ತು ನಿಯಮ. ತುರ್ತು ನಿಯಮ ಪುಸ್ತಿಕೆಯ ಮಾತನ್ನು ರದ್ದುಮಾಡುತ್ತದೆ, ನದಿ ರಾತ್ರೋರಾತ್ರಿ ಮುಚ್ಚಬಹುದು. ಪ್ಯೂಜೆಟ್ ಸೌಂಡ್‌ಗೆ ಹರಿಯುವ ನದಿ ತೊರೆಗಳ ವಿಷಯದಲ್ಲಿ ಇನ್ನೊಂದು ಎಚ್ಚರ: ಪುಸ್ತಿಕೆಯಲ್ಲಿ ಹೆಸರಿಲ್ಲದ ತೊರೆ ಮುಚ್ಚಿದೆ ಎಂದೇ ಅರ್ಥ. ರಾಜ್ಯದ ಸಾಮಾನ್ಯ ನಿಯಮದಲ್ಲಿ ನದಿಯ ಟ್ರೌಟ್‌ಗೆ ದಿನಕ್ಕೆ 2, ಕನಿಷ್ಠ 8 ಇಂಚು; ಕೆರೆಗಳಲ್ಲಿ ದಿನಕ್ಕೆ 5. ನದಿಯ ಹೆಸರಿನ ಕೆಳಗೆ ಬೇರೆ ಸಂಖ್ಯೆ ಇದ್ದರೆ ಅದೇ ಅಂತಿಮ.

ಬೇಸಿಗೆಯಲ್ಲಿ ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ, ನದಿಗೆ ಕರೆದುಕೊಂಡು ಹೋಗಿ ಕೋಲನ್ನು ಅವರ ಕೈಗೆ ಕೊಡುತ್ತೇವೆ. 15 ವರ್ಷ ತುಂಬಿದ ಯಾರೇ ಆಗಲಿ, ಕೋಲು ಹಿಡಿದರೆ ಪರವಾನಗಿ ಬೇಕು. ಭೇಟಿಗೆ ಬಂದವರಿಗೆ ಒಂದೆರಡು ದಿನದ ಅಲ್ಪಾವಧಿ ಪರವಾನಗಿ ಸಿಗುತ್ತದೆ. ಜೂನ್ ತಿಂಗಳ ಉಚಿತ ವಾರಾಂತ್ಯದಲ್ಲಿ ಪರವಾನಗಿ ಬೇಡ, ಆದರೆ ಗಾತ್ರ, ಮಿತಿ, ಜಾತಿಯ ನಿಯಮಗಳೆಲ್ಲ ಹಾಗೆಯೇ ಇರುತ್ತವೆ. ನಿಮ್ಮ ಮಿತಿ ಮುಗಿದ ಮೇಲೆ ಅಪ್ಪನ ಲೆಕ್ಕಕ್ಕೆ ನೀವು ಹಿಡಿಯುವಂತಿಲ್ಲ. ಇಟ್ಟುಕೊಂಡ ಮೀನನ್ನು ದಂಡೆಯಲ್ಲೇ ತಲೆ ತೆಗೆದು ತುಂಡು ಮಾಡುವುದೂ ಬೇಡ; ಅಧಿಕಾರಿ ಬಂದಾಗ ಜಾತಿ, ಗಾತ್ರ, ಕೊಬ್ಬಿನ ರೆಕ್ಕೆಯ ಗುರುತು ಕಾಣುವ ಹಾಗಿರಬೇಕು.

ನೀರು ಬದಲಾದರೆ ನಿಯಮ ತಲೆಕೆಳಗಾಗುವುದೂ ಉಂಟು. ಯೆಲ್ಲೊಸ್ಟೋನ್ ಸರೋವರದಲ್ಲಿ 1994ರಲ್ಲಿ ಲೇಕ್ ಟ್ರೌಟ್ ಇರುವುದು ಪತ್ತೆಯಾಯಿತು. ಅದು ಅಲ್ಲಿಯ ಮೀನಲ್ಲ. ಆಳದಲ್ಲಿದ್ದು ಅಲ್ಲಿಯ ಕಟ್‌ಥ್ರೋಟ್‌ಗಳನ್ನು ತಿನ್ನುತ್ತದೆ, ಸರೋವರದ ಒಳಗೇ ಮೊಟ್ಟೆಯಿಡುತ್ತದೆ. ಕಟ್‌ಥ್ರೋಟ್ ಮೊಟ್ಟೆಯಿಡಲು ಸಣ್ಣ ತೊರೆಗಳಿಗೆ ಏರಿ ಬರುತ್ತಿತ್ತು, ಕರಡಿ, ನೀರುನಾಯಿ, ಮೀನುಡೇಗೆಗಳ ಹೊಟ್ಟೆ ತುಂಬುತ್ತಿತ್ತು. ಅದು ಕಡಿಮೆಯಾದಾಗ ಅವಕ್ಕೂ ಊಟ ತಪ್ಪಿತು. ಹಾಗಾಗಿ ಅಲ್ಲಿ ಲೇಕ್ ಟ್ರೌಟ್ ಸಿಕ್ಕರೆ ಕೊಲ್ಲಲೇಬೇಕು, ಬಿಟ್ಟರೆ ತಪ್ಪು. ಕಟ್‌ಥ್ರೋಟ್ ಸಿಕ್ಕರೆ ಬಿಡಲೇಬೇಕು. ವಾಷಿಂಗ್ಟನ್ ಕರಾವಳಿಯಲ್ಲೂ 2017ರ ಆಗಸ್ಟ್‌ನಲ್ಲಿ ಅಲ್ಲಿಯದೇ ಸೈಪ್ರೆಸ್ ದ್ವೀಪದ ಬಳಿ ಸಾಕಣೆಯ ಬಲೆ ಒಡೆದು ಎರಡು ಲಕ್ಷಕ್ಕೂ ಹೆಚ್ಚು ಅಟ್ಲಾಂಟಿಕ್ ಸಾಲ್ಮನ್ ತಪ್ಪಿಸಿಕೊಂಡಾಗ ಎಷ್ಟಾದರೂ ಹಿಡಿಯಿರಿ ಎಂದು ಇಲಾಖೆ ಕರೆ ಕೊಟ್ಟಿತ್ತು. ಆಗಲೂ ಕೇಳಿದ್ದು ಇದೇ, ಕಿವಿರು ಮುಚ್ಚಳದ ದೊಡ್ಡ ಕಪ್ಪು ಚುಕ್ಕೆ ನೋಡಿ, ಅದು ನಮ್ಮ ಸಾಲ್ಮನ್ ಅಲ್ಲವೆಂದು ಖಾತ್ರಿ ಮಾಡಿಕೊಂಡು ಹಿಡಿಯಿರಿ ಎಂದು.

ಕಾವೇರಿಯ ಮೀನು ಬಲ್ಲವರಿಗೆ ಈ ಕಥೆ ಹೊಸದಲ್ಲ. ಡುಬ್ಬ ಬೆನ್ನಿನ, ಕಿತ್ತಳೆ ರೆಕ್ಕೆಯ ಮಹಶೀರ್ ಇಲ್ಲಿಯದೇ ಮೀನು. ಅದೇ ನೀರಿಗೆ ಹೊರಗಿನಿಂದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಬಿಟ್ಟರು, ಎಲ್ಲವೂ ಮಹಶೀರ್ ಎಂದೇ ಲೆಕ್ಕವಾಯಿತು. ಡುಬ್ಬದ ಮಹಶೀರ್ ಟೋರ್ ರೆಮದೇವಿ ಎಂಬ ಜಾತಿಯೇ ಎಂದು ಖಚಿತವಾದದ್ದು 2018ರಲ್ಲಿ. ಅಷ್ಟು ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದಿತ್ತು.

ಎಷ್ಟು ಎಚ್ಚರ ವಹಿಸಿದರೂ ಒಮ್ಮೊಮ್ಮೆ ಬುಲ್ ಟ್ರೌಟ್ ಕೈಯಲ್ಲೇ ಸಾಯುತ್ತದೆ, ಅಥವಾ ಬಿಟ್ಟರೂ ಹೊಟ್ಟೆ ಮೇಲಾಗಿ ತೇಲುತ್ತದೆ. ಹಾಳಾಗುವ ಬದಲು ತಿನ್ನೋಣ ಎಂದು ಮನಸ್ಸು ಹೇಳುತ್ತದೆ. ಆದರೆ ಸತ್ತಿದ್ದರೂ ಇಟ್ಟುಕೊಳ್ಳುವಂತಿಲ್ಲ. ಬಿದ್ದ ಜಾಗದಲ್ಲೇ ನೀರಿಗೆ ಹಾಕಿ, ಜಾಗ, ಹೊತ್ತು, ಅಂದಾಜು ಉದ್ದ ಬರೆದುಕೊಂಡು ಇಲಾಖೆಗೆ ಒಂದು ಫೋನ್ ಮಾಡಿ ತಿಳಿಸಿ. ನೀರಿನಲ್ಲಿರುವಾಗಲೇ ತೆಗೆದ, ಬೆನ್ನ ರೆಕ್ಕೆ ಬಿಚ್ಚಿ ಕಾಣುವ ಒಂದು ಫೋಟೊ ಇದ್ದರೆ ಅಲ್ಲಿಯ ಜೀವವಿಜ್ಞಾನಿಗೆ ಅದು ಬಹಳ ಉಪಯೋಗದ್ದು, ಆ ತೊರೆಯಲ್ಲಿ ಅವರು ಬುಲ್ ಟ್ರೌಟ್ ನಿರೀಕ್ಷಿಸಿರದಿದ್ದರೆ ಇನ್ನೂ ಹೆಚ್ಚು.